ರಸ್ತೆ ಗುಂಡಿ ದೂರು: ಯಾರಿಗೆ ಕೊಡಬೇಕು, ಹೇಗೆ ಬರೀಬೇಕು?

ಟೊಮೆಟೊ ಆಗ್ಲಿ ಪಪ್ಪಾಯಿ ಆಗ್ಲಿ, ತೋಟದಲ್ಲಿ ಎಷ್ಟೇ ಜೋಪಾನ ಮಾಡಿದ್ರೂ ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಿದರೆ ಮುಗೀತು. 15 ಕೆ.ಜಿ. ಕ್ರೇಟಿನ ಕೆಳಗಿನ ಹಣ್ಣು ಜಜ್ಜಿ ನೀರು ಬಿಟ್ಟರೆ ಮಂಡಿಯಲ್ಲಿ ಇಡೀ ಕ್ರೇಟಿನ ದರ ಇಳಿಯುತ್ತೆ. ಸಾವಯವ ಅಂದ್ರೂ ಯಾರೂ ಕೇಳಲ್ಲ. ಮಳೆಗಾಲದಲ್ಲಿ ಟೆಂಪೊದವರು 'ನಿಮ್ಮೂರ ಕಡೆ ಬರಲ್ಲ' ಅಂದರೆ ಕೊಯ್ಲೇ ನಿಲ್ಲಿಸಬೇಕು. ಹಾಗಾಗಿ ರಸ್ತೆ ದೂರನ್ನೂ ಕೃಷಿ ಕೆಲಸ ಅಂತಲೇ ತಿಳ್ಕೊಳ್ಳಿ.

ಮೊದಲು ರಸ್ತೆ ಯಾರದ್ದು ನೋಡಿ

'ಇದು ನಮ್ಮದಲ್ಲ' ಅನ್ನೋ ಉತ್ತರದಲ್ಲೇ ಎಷ್ಟೋ ದೂರುಗಳು ಸಾಯುತ್ತವೆ. ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ, ಕಿತ್ತಳೆ ಗ್ರಾಮೀಣ ರಸ್ತೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಊರೊಳಗಿನ ಬೀದಿ, ಚರಂಡಿ, ಬೀದಿ ದೀಪ ಗ್ರಾಮ ಪಂಚಾಯಿತಿಯ ಜವಾಬ್ದಾರಿ.

ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಫಲಕ ಇದ್ದರೆ ಅದರ ಫೋಟೊ ತೆಗೆಯಿರಿ. ಕಾಮಗಾರಿ ಮುಗಿದ ಮೇಲೆ 5 ವರ್ಷ ಗುತ್ತಿಗೆದಾರರೇ ನಿರ್ವಹಿಸಬೇಕು. ಈ ರಸ್ತೆಗಳ ದೂರನ್ನು 'ಮೇರಿ ಸಡಕ್' ಆ್ಯಪ್‌ನಲ್ಲಿ ಫೋಟೊ ಸಮೇತ ಹಾಕಬಹುದು.

ಫೋಟೊ, ಅರ್ಜಿ

ಎರಡು ಫೋಟೊ ಸಾಕು. ಒಂದರಲ್ಲಿ ಗುಂಡಿಯೊಳಗೆ ಕೋಲು ನಿಲ್ಲಿಸಿ ಆಳ ಕಾಣಿಸಲಿ. ಇನ್ನೊಂದರಲ್ಲಿ ಶಾಲೆಯೋ ಗುಡಿಯೋ ಮೋರಿಯೋ ಕಂಡು ಜಾಗ ಗೊತ್ತಾಗಲಿ. ಫೋನಿನ ಲೊಕೇಶನ್ ಆನ್ ಇರಲಿ. ಬೀದಿ ದೀಪವಾದರೆ ಕಂಬದ ನಂಬರ್ ಬರೀರಿ. ತಂತಿ ಜೋತುಬಿದ್ದಿದ್ರೆ ಕಾಯದೆ 1912ಕ್ಕೆ ಫೋನ್ ಮಾಡಿ.

ಅರ್ಜಿಯನ್ನು ಪಿಡಿಒ ಹೆಸರಿಗಲ್ಲ, ಹುದ್ದೆಗೆ ಬರೀರಿ. ಎಲ್ಲಿ, ಎಷ್ಟು ಉದ್ದ, ಏನು ತೊಂದರೆ, ಏನು ಮಾಡಬೇಕು, ನಾಲ್ಕೇ ಮಾತು. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ವಾಟ್ಸಾಪ್ ಮೆಸೇಜ್ ಒಂದನ್ನೇ ನಂಬಬೇಡಿ.

'ಏನು ಮಾಡಬೇಕು' ಅನ್ನೋದು ಮುಖ್ಯ. ನಮ್ಮೂರ ಮೋರಿ ಪಕ್ಕದ ಗುಂಡಿಗೆ ಮಣ್ಣು ಸುರಿದು ಹೋಗಿದ್ದರು, ಮೊದಲ ಮಳೆಗೇ ಕೊಚ್ಚಿಹೋಯ್ತು. ಚರಂಡಿ ಕಟ್ಟಿ ನೀರು ರಸ್ತೆ ಮೇಲೇ ನಿಲ್ಲುತ್ತಿತ್ತು. ನಿಂತ ನೀರು ಡಾಂಬರಿನ ಅಡಿಗಿಳಿದು ಜಲ್ಲಿ ಸಡಿಲ ಮಾಡುತ್ತೆ, ಅದರ ಮೇಲೆ ಟ್ರ್ಯಾಕ್ಟರ್ ಹೋದರೆ ಮತ್ತೆ ಗುಂಡಿ. ಎರಡನೇ ಅರ್ಜಿಯಲ್ಲಿ 'ಮೊದಲು ಚರಂಡಿ ಹೂಳು ತೆಗೆಸಿ' ಅಂತ ಹನ್ನೆರಡು ಜನ ಸಹಿ ಹಾಕಿದ್ವಿ. ಹೂಳು ತೆಗೆದು ಜಲ್ಲಿ ಹಾಕಿದ ಮೇಲೆ ಟೆಂಪೊ ತೋಟದ ಗೇಟಿನ ತನಕ ಬರ್ತಿದೆ.

ಉತ್ತರ ಬರದಿದ್ದರೆ

ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ಕೊಟ್ಟು ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೂ ಸುಮ್ಮನಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ 10 ರೂಪಾಯಿ ಶುಲ್ಕ ಕಟ್ಟಿ, 'ನನ್ನ ಅರ್ಜಿ ಮೇಲೆ ಏನು ಕ್ರಮ ಆಗಿದೆ' ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ದೊಡ್ಡ ಕೆಲಸವಾದರೆ ಗ್ರಾಮ ಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಿ. ಕ್ರಿಯಾ ಯೋಜನೆಗೆ ಸೇರದೆ ದುಡ್ಡು ಬರಲ್ಲ.

ನಮ್ಮ ಪಾಲೂ ಇದೆ. ಹೊಲದ ನೀರನ್ನು ರಸ್ತೆಗೆ ಬಿಡೋದು, ಪೈಪ್ ದಾಟಿಸೋಕೆ ಅನುಮತಿ ಇಲ್ಲದೆ ರಸ್ತೆ ಅಗೆಯೋದು, ಚರಂಡಿ ಮೇಲೆ ಮಣ್ಣು ಹಾಕಿ ಗಾಡಿ ದಾಟಿಸೋದು ನಿಲ್ಲಬೇಕು. ಮುಂಗಾರಿಗೆ ಮೊದಲೇ ಒಂದು ಸಂಜೆ ನಿಮ್ಮ ದಾರಿ ಉದ್ದಕ್ಕೂ ನಡೆದು ಫೋಟೊ ತೆಗೆದುಬಿಡಿ. ಮಳೆ ಶುರುವಾದ ಮೇಲೆ ಡಾಂಬರು ಕೆಲಸ ಕಷ್ಟ.