ಹೆಪ್ಪು ಹಿಡಿಯದ ಹಾಲು

ಹಿರೇನಲ್ಲೂರಿನಲ್ಲಿ ಡೇರಿ ಬಾಗಿಲು ತೆಗೆಯುವ ಹೊತ್ತಿಗೆ ತೆಂಗಿನ ಗರಿಗಳ ನಡುವೆ ಬೆಳಕು ಇನ್ನೂ ಸರಿಯಾಗಿ ಇಳಿದಿರುವುದಿಲ್ಲ. ಸ್ಟೀಲ್ ಕ್ಯಾನು, ತಂಬಿಗೆ, ಪ್ಲಾಸ್ಟಿಕ್ ಡಬ್ಬ ಹಿಡಿದವರ ಸಾಲು. ತಲೆಗೆ ಟವೆಲ್ ಸುತ್ತಿದ ಹಿರಿಯರು, ಸೆರಗು ಹೊದ್ದ ಹೆಂಗಸರು, ಸ್ಕೂಲ್ ಬ್ಯಾಗ್ ಬೆನ್ನಿಗೇರಿಸಿಕೊಂಡೇ ಬಂದ ಒಬ್ಬ ಹುಡುಗ. ಮಾದರಿ ಹಾಲು ಯಂತ್ರಕ್ಕೆ ಹೋಗುತ್ತದೆ; ಫ್ಯಾಟು, ಡಿಗ್ರಿ ಎಷ್ಟೆಂಬ ಚೀಟಿ ಬರುತ್ತದೆ. ಕ್ಯಾನುಗಳು ತುಂಬಿ ಹಾಸನ ಹಾಲು ಒಕ್ಕೂಟದ ಕಡೆ ಹೊರಡುತ್ತವೆ. ನೀರು ಬೆರೆಸಿದ್ದರೆ ಇಲ್ಲೇ ಗೊತ್ತಾಗುತ್ತದೆ. ಹಸುವಿಗೆ ನಿನ್ನೆ ಕೊಟ್ಟ ಇಂಜೆಕ್ಷನ್ ಗೊತ್ತಾಗುವುದಿಲ್ಲ.

ಸಾಲಿನಲ್ಲಿದ್ದ ಒಬ್ಬ ತಾಯಿಯ ಎಚ್.ಎಫ್. ತಳಿಯ ಹಸುವಿಗೆ ಕೆಚ್ಚಲು ಬಾವು ಆಗಿ ವಾಸಿಯಾಗಿತ್ತು. "ಒಂದು ಮೊಲೆ ಕಲ್ಲಿನಂಗೆ ಗಟ್ಟಿಯಾಗಿತ್ತು ಕಣಣ್ಣ. ಕರೆದ್ರೆ ಹಾಲು ಒಡ್ಕೊಂಡು ಗಂಟು ಗಂಟಾಗಿ ಬರ್ತಿತ್ತು. ಡಾಕ್ಟ್ರು ಟ್ಯೂಬ್ ಏರ್ಸಿ, ಇನ್ನೂ ಎರಡು ಬರ್ಕೊಟ್ರು. ಹೇಳೋವರ್ಗೂ ಡೇರಿಗೆ ಹಾಕ್ಬೇಡಿ ಅಂದ್ರು." ಹಾಲು ತಿಳಿಯಾದ ಕೂಡಲೇ ಉಳಿದ ಟ್ಯೂಬ್ ಏರಿಸುವುದು ನಿಂತಿತು. ಹಿಂಡಿಯ ಬಾಕಿ ತೀರಿಸಬೇಕಿತ್ತು, ಹಾಲು ಡೇರಿಗೆ ಹೋಯಿತು. ಮನೆಗೆಂದು ಉಳಿಸಿಕೊಂಡ ಅರ್ಧ ಲೀಟರಿಗೆ ರಾತ್ರಿ ಹೆಪ್ಪು ಹಾಕಿದ್ದರು. "ಬೆಳಿಗ್ಗೆ ಎದ್ದು ನೋಡಿದ್ರೆ ಹಾಲು ಹಾಲಾಗೇ ಐತೆ. ಹೆಪ್ಪೇ ಸರಿ ಇಲ್ಲ ಅನ್ಕೊಂಡೆ."

ಹೆಪ್ಪು ಸರಿಯಾಗಿಯೇ ಇತ್ತೆಂದು ನನ್ನ ಅನುಮಾನ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ. ಕೆಚ್ಚಲಿಗೆ ಏರಿಸಿದ ಆಂಟಿಬಯಾಟಿಕ್ ಹಾಲಿನಲ್ಲಿ ಉಳಿದಿದ್ದರೆ ಅವು ಬೆಳೆಯಲಾರವು. ಔಷಧದ ಶೇಷ ಪತ್ತೆ ಹಚ್ಚುವ ಒಂದು ಬಗೆಯ ಲ್ಯಾಬ್ ಪರೀಕ್ಷೆ ನಿಂತಿರುವುದೂ ಇದೇ ತತ್ವದ ಮೇಲೆ: ಹಾಲಿಗೆ ಬ್ಯಾಕ್ಟೀರಿಯಾ ಸೇರಿಸಿ, ಬೆಳೆಯುತ್ತದೋ ಇಲ್ಲವೋ ನೋಡುವುದು. ಕುದಿಸಿದರೆ ಹಾಲಿನ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಹಲವು ಔಷಧಗಳು ಕುದಿಗೆ ಪೂರ್ತಿ ಅಳಿಯುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಅರ್ಧಕ್ಕೆ ನಿಂತ ಚಿಕಿತ್ಸೆಯಲ್ಲಿ, ಅಳತೆ ತಪ್ಪಿದ ಔಷಧದಲ್ಲಿ ದುರ್ಬಲ ರೋಗಾಣುಗಳು ಸಾಯುತ್ತವೆ, ಗಟ್ಟಿಯವು ಬದುಕುತ್ತವೆ. ಬದುಕಿದವು ತಮ್ಮ ಮರಿಗಳಿಗೆ ಮಾತ್ರವಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಔಷಧಕ್ಕೆ ಬಗ್ಗದ ಗುಣದ ಜೀನನ್ನು ದಾಟಿಸಬಲ್ಲವು. ಡೇರಿಗೆ ಹಾಕಲಾಗದ ಹಾಲನ್ನು ಚೆಲ್ಲಲು ಮನಸ್ಸಾಗದೆ ಕರುವಿಗೆ ಕುಡಿಸುತ್ತಾರಲ್ಲ, ಅಲ್ಲೂ ಇದೇ ಕತೆ: ಕರುವಿನ ಕರುಳಿನಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳಿಗೆ ಜಾಗ ಸಿಗುತ್ತದೆ, ಸಗಣಿಯಲ್ಲಿ ಹೊರಬರುತ್ತವೆ, ಕೊಟ್ಟಿಗೆ ಬಳಿಯುವ ಕೈಗೆ ಹತ್ತುತ್ತವೆ.

ಹಿರೇನಲ್ಲೂರು ಇರುವುದು ಅಮೃತಮಹಲ್ ದನಗಳ ಸೀಮೆಯಲ್ಲಿ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವಿದೆ, ಕಡೂರು ತಾಲ್ಲೂಕಿನ ಬಾಸೂರಿನಲ್ಲಿ ಅವುಗಳ ಕಾವಲು ಇದೆ. ಕಾವಲಿನಲ್ಲಿ ಮೇದು ಬೆಳೆಯುವ ಆ ದನಗಳು ಎಳೆಯುವುದಕ್ಕೆ, ಓಡುವುದಕ್ಕೆ ಹೆಸರಾದವು, ಹಾಲು ಕಡಿಮೆ. ಹಾಲಿನ ದುಡ್ಡಿನಲ್ಲೇ ಮನೆ ನಡೆಯುವ ಕಾಲ ಬಂದಾಗ ಭಾರದ ಕೆಚ್ಚಲಿನ ಮಿಶ್ರತಳಿ ಹಸುಗಳು ಕೊಟ್ಟಿಗೆಗೆ ಬಂದವು. ಜೊತೆಗೆ ಕೆಚ್ಚಲು ಬಾವು, ಟ್ಯೂಬು, ಇಂಜೆಕ್ಷನ್ನೂ ಬಂದವು.

ಔಷಧಕ್ಕೆ ಬಗ್ಗದ ರೋಗಾಣುಗಳ ಕತೆ ಹಾಲಿನದಷ್ಟೇ ಅಲ್ಲ. ಭಾನುವಾರ ಕೋಳಿ ಅಂಗಡಿಯ ಮುಂದೆ ಬೇರೆಯೇ ಸಾಲು. ತಂತಿಪಂಜರದಲ್ಲಿ ಬಿಳಿ ಬ್ರಾಯ್ಲರ್ ಕೋಳಿಗಳು ಒತ್ತೊತ್ತಾಗಿ ಕೂತಿವೆ. ಮರದ ಕೊರಡಿನ ಮೇಲೆ ಕತ್ತಿ ಎದ್ದು ಬೀಳುತ್ತದೆ. ಒಂದರ ಕರುಳು ತೆಗೆದ ಕೈ ಇನ್ನೊಂದರ ಮಾಂಸ ಮುಟ್ಟುತ್ತದೆ. ಚೆನ್ನಾಗಿ ಬೆಂದ ಸಾರಿನಲ್ಲಿ ರೋಗಾಣು ಉಳಿಯುವುದಿಲ್ಲ. ಅಪಾಯ ಇರುವುದು ಬೇಯುವ ಮೊದಲು: ಹಸಿ ಮಾಂಸ ತೊಳೆದ ನೀರು ಚಿಮ್ಮಿದ ಕಡೆ, ಅದೇ ಈಳಿಗೆಮಣೆಯಲ್ಲಿ ಹೆಚ್ಚಿದ ಸೌತೆಕಾಯಿಯಲ್ಲಿ. ಫಾರಂಗಳ ಕೋಳಿಗೊಬ್ಬರ ತೋಟಕ್ಕೆ, ಹೊಲಕ್ಕೆ ಹೋಗುವುದರಿಂದ ಮಾಂಸ ಮುಟ್ಟದ ಮನೆಗಳೂ ಈ ಅಪಾಯದಿಂದ ಹೊರಗಿಲ್ಲ.

ಬೇರೆ ಔಷಧಗಳು ಸೋತಾಗ ಐಸಿಯು ರೋಗಿಗೆ ವೈದ್ಯರು ಕೊಡುವ ಕೊನೆಯ ಔಷಧಗಳಲ್ಲಿ ಕೊಲಿಸ್ಟಿನ್ ಒಂದು. ಅದನ್ನು ಕೋಳಿ ಬೇಗ ತೂಕ ಬರಲೆಂದು ಮೇವಿಗೆ ಬೆರೆಸುತ್ತಿದ್ದರು. ಕೊಲಿಸ್ಟಿನ್‌ಗೆ ಬಗ್ಗದ ಗುಣವನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಸುವ ಎಂಸಿಆರ್-1 ಜೀನನ್ನು 2015ರಲ್ಲಿ ಚೀನಾದ ವಿಜ್ಞಾನಿಗಳು ಹಂದಿಗಳಲ್ಲಿ, ಅಂಗಡಿಯ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಕಂಡರು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಒಂದು ಔಷಧವನ್ನು ಹೀಗೆ ಆದೇಶದಿಂದ ನಿಲ್ಲಿಸಬಹುದು.

ಆದರೆ ಔಷಧದ ಶೇಷ ಇರುವ ದಿನಗಳ ಹಾಲು ಚೆಲ್ಲು ಎಂದು ಆದೇಶ ಹೊರಡಿಸಿದರೆ ಆಗುತ್ತದೆಯೇ? ಎರಡು ಹಸು ಕಟ್ಟಿದ ಮನೆಗೆ ಅಷ್ಟೂ ದಿನಗಳ ಹಾಲೆಂದರೆ ಸಣ್ಣ ಮಾತಲ್ಲ. ಲಾಭ ಊರಿಗೆಲ್ಲ, ನಷ್ಟ ಆ ತಾಯಿಯೊಬ್ಬಳಿಗೆ ಎನ್ನುವುದು ನ್ಯಾಯವಲ್ಲ. ಡಾಕ್ಟರ ಚೀಟಿ ತಂದವರಿಗೆ ಆ ದಿನಗಳ ಹಾಲಿನ ದುಡ್ಡನ್ನು ಡೇರಿ ಸಂಘ ಮತ್ತು ಒಕ್ಕೂಟ ಸೇರಿ ಕಟ್ಟಿಕೊಡಬೇಕು. ಆ ಹಾಲನ್ನು ಡೇರಿಗೆ ದಾಟಿಸುವ ಅನಿವಾರ್ಯತೆ ಆಗ ಇರುವುದಿಲ್ಲ.

ಬಾವು ಶುರುವಿನಲ್ಲೇ ಕಂಡರೆ ಇನ್ನೊಂದು ದಾರಿಯೂ ಇದೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಳ್ಳಿಗಳಿಗೆ ಹೇಳಿಕೊಡುತ್ತಿರುವ ಮದ್ದು ಇದು: ಕಾಲು ಕೆಜಿ ಲೋಳೆಸರ, 50 ಗ್ರಾಂ ಅರಿಶಿನ, ಸ್ವಲ್ಪ ಸುಣ್ಣ ಸೇರಿಸಿ ಅರೆಯುವುದು. ಅರಿಶಿನಕ್ಕೆ ಸುಣ್ಣ ತಾಗಿ ಕೆಂಪಗಾಗುತ್ತದೆ. ಕೆಚ್ಚಲು ತೊಳೆದು, ಹಾಲನ್ನು ಪೂರ್ತಿ ಕರೆದು, ಇದನ್ನು ನೀರಲ್ಲಿ ತೆಳ್ಳಗೆ ಕಲಸಿ ದಿನಕ್ಕೆ ಹಲವು ಸಲದಂತೆ ಐದು ದಿನ ಹಚ್ಚಬೇಕು. ಹಸುವಿಗೆ ಜ್ವರ ಬಂದು ಮೇವು ಬಿಟ್ಟರೆ ಕಾಯಬಾರದು, ಡಾಕ್ಟರನ್ನು ಕರೆಸಲೇಬೇಕು. ಆಗ ಕೊಟ್ಟ ಟ್ಯೂಬುಗಳನ್ನು ಕೊನೆಯದರವರೆಗೂ ಏರಿಸಬೇಕು. ಆ ತಾಯಿಗೆ ಇದನ್ನು ಹೇಳಿದೆ. "ಲೋಳೆಸರ ಬೇಲಿ ತುಂಬ ಐತೆ," ಎಂದರು, "ಸುಣ್ಣ ಎಷ್ಟು ಅಂತ ಸರಿಯಾಗಿ ಕೇಳ್ಕೊಂಡ್ ಬರ್ಬೇಕು, ಮೊಲೆ ಸುಟ್ಟೋದ್ರೆ ಕಷ್ಟ."