ದ್ರವಗುಣಗಳ ಗಣಕ ಲೆಕ್ಕ ಮತ್ತು ಆಲೆಮನೆಯ ಹದಜ್ಞಾನ

ಕೈಗಾರಿಕೆಯ ದ್ರವಗಳ ಸಾಂದ್ರತೆ, ಸ್ನಿಗ್ಧತೆ, ಉಷ್ಣಧಾರಣ ಶಕ್ತಿಗಳನ್ನು ಇಂದು ತಂತ್ರಾಂಶಗಳೇ ಲೆಕ್ಕಹಾಕಿ ಕೊಡುತ್ತವೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ‘ರೆಫ್‌ಪ್ರಾಪ್’, ಎಲ್ಲರಿಗೂ ಮುಕ್ತವಾದ ‘ಕೂಲ್‌ಪ್ರಾಪ್’ ಇಂಥವು. ಉಷ್ಣತೆ, ಒತ್ತಡಗಳನ್ನು ತಿಳಿಸಿದರೆ ಉಳಿದ ಗುಣಗಳು ಕ್ಷಣಾರ್ಧದಲ್ಲಿ ದೊರೆಯುತ್ತವೆ. ಆದರೆ ಇದು ಬರಿಯ ಗಣಿತವಲ್ಲ. ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಅಳೆದ ಅಂಕಿಗಳಿಗೆ ಹೊಂದಿಸಿದ ಸಮೀಕರಣಗಳೇ ಅದರ ಬೆನ್ನೆಲುಬು. ಆದಕಾರಣ ಯಾರೂ ಅಳೆಯದ, ಘಟಕಗಳ ಪ್ರಮಾಣ ತಿಳಿಯದ ದ್ರವದ ಬಗೆಗೆ ಅದರಿಂದ ನಂಬಲರ್ಹ ಉತ್ತರ ಪಡೆಯುವುದು ಕಷ್ಟ.

ಮಂಡ್ಯ ಸೀಮೆಯ ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಅಂಥದೊಂದು ದ್ರವ. ನೀರು, ಸಕ್ಕರೆಗಳ ಜೊತೆಗೆ ಲವಣ, ಆಮ್ಲ, ಮೇಲೆ ಹಾಕಿದ ಸುಣ್ಣ ಎಲ್ಲವೂ ಅದರಲ್ಲಿ ಬೆರೆತಿವೆ. ಹೊಲ ಬದಲಾದರೆ, ತಳಿ ಬದಲಾದರೆ ಪ್ರಮಾಣವೂ ಬದಲು. ನೀರು ಆವಿಯಾದಂತೆ ಕುದಿಬಿಂದು ಏರುತ್ತಾ 118 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ ಪಾಕ ಇಳಿಸಬೇಕೆಂಬುದು ಸ್ಥೂಲ ನಿಯಮ. ಪಾಕ ನೋಡುವವನು ಈ ಅಂಕಿಯನ್ನು ನೆಚ್ಚುವುದಿಲ್ಲ. ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳುಗಳ ನಡುವೆ ಉಂಡೆಕಟ್ಟಿ ನೋಡುತ್ತಾನೆ. ಅವನು ಪರೀಕ್ಷಿಸುವುದು ಉಷ್ಣತೆಯನ್ನಲ್ಲ, ಆ ಕೊಪ್ಪರಿಗೆಯ ಆ ಹೊತ್ತಿನ ಗಟ್ಟಿತನವನ್ನೇ. ಇದನ್ನು ಬರಿಯ ಅಂದಾಜೆಂದು ಕರೆಯುವುದು ಅವಿಚಾರ; ಇದೂ ಅಳತೆಯೇ. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದು. ತಡವಾದರೆ ಕಪ್ಪಾಗಿ, ರೈತನಿಗೆ ದೊರೆಯುವ ಬೆಲೆ ಇಳಿಯುತ್ತದೆ.