ಒಂದು ಭಾನುವಾರ 88, ಮರು ಭಾನುವಾರ 101
ಹವ್ಯಾಸಿ ಗಾಲ್ಫ್ ಆಟಗಾರನ ಸ್ಥಿರತೆಯ ಸಮಸ್ಯೆ: ಒಂದು ವಿವೇಚನೆ

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಗಾಲ್ಫ್ ಆಡುವವರು ಕೆಲವರೇ. ಆದರೆ ಆಡುವವರು ಆ ಆಟಕ್ಕಾಗಿ ತೆರುವ ಬೆಲೆ ಕಡಿಮೆಯದಲ್ಲ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ದೂರ. 18 ಕುಳಿಗಳ ಒಂದು ಸುತ್ತು ಮುಗಿಸಲು ನಾಲ್ಕು ಗಂಟೆಗೂ ಮೀರಿ ಸಮಯ ಬೇಕು. ಹೀಗಾಗಿ ಬೆಳಗಿನ ಜಾವ ಹೊರಟವರು ಮನೆ ಸೇರುವ ವೇಳೆಗೆ ಭಾನುವಾರದ ಬಹುಭಾಗ ಕಳೆದಿರುತ್ತದೆ. ಇಷ್ಟಾದ ಮೇಲೂ ವರ್ಷಗಟ್ಟಲೆ ಆಟ ಸುಧಾರಿಸಲಿಲ್ಲವೆಂದರೆ ಬೇಸರವಾಗುವುದು ಸಹಜ. ಅನೇಕರು ಈ ಹಂತದಲ್ಲಿ ಹೊಸ ಕ್ಲಬ್‌ಗಳಿಗೆ ಹಣ ಸುರಿಯುತ್ತಾರೆ. ಇನ್ನು ಕೆಲವರು ಆಟವನ್ನೇ ಬಿಡುತ್ತಾರೆ.

ಉದಾಹರಣೆಗಾಗಿ ಇಂತಹ ಆಟಗಾರರೊಬ್ಬರ ಐದು ವಾರಗಳ ಅಂಕಗಳನ್ನು ಹೀಗೆ ಇಟ್ಟುಕೊಳ್ಳೋಣ: 88, 101, 93, 97, 91. ಗಾಲ್ಫ್‌ನಲ್ಲಿ ಅಂಕವೆಂದರೆ ಹೊಡೆತಗಳ ಸಂಖ್ಯೆ, ಕಡಿಮೆಯಾದಷ್ಟೂ ಒಳ್ಳೆಯದು. ಮೇಲಿನ ಐದು ಸುತ್ತುಗಳ ಸರಾಸರಿ 94. ಆದರೆ ಆಟಗಾರರ ಮನಸ್ಸಿನಲ್ಲಿ ಉಳಿಯುವುದು 88 ಮಾತ್ರ. ಅದೇ ತಮ್ಮ ನಿಜವಾದ ಆಟವೆಂದೂ ಉಳಿದ ನಾಲ್ಕು ದಿನ ಏನೋ ಕೆಟ್ಟಿತ್ತೆಂದೂ ಅವರು ಭಾವಿಸುತ್ತಾರೆ. ಸಮಸ್ಯೆಯ ಮೂಲ ಈ ಭಾವನೆಯಲ್ಲಿಯೇ ಇದೆ. 88 ಮತ್ತು 101 ಎರಡೂ ಅದೇ ಆಟಗಾರರ ನಿಜವಾದ ಆಟವೇ. ಸುಧಾರಣೆಯೆಂದರೆ ಅತ್ಯುತ್ತಮ ದಿನವನ್ನು ಇನ್ನಷ್ಟು ಉತ್ತಮಪಡಿಸುವುದಕ್ಕಿಂತ, ಈ ಎರಡು ಅಂಕಗಳ ನಡುವಿನ ಅಂತರವನ್ನು ಕುಗ್ಗಿಸುವುದು.

ಆಟದ ಸಹನಮಿತಿ

ಅಂಕಗಳು ಇಷ್ಟು ಚೆದುರಲು ಮೊದಲ ಕಾರಣ ಆಟದ ಸ್ವರೂಪ. ಗಾಲ್ಫ್ ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಚೆಂಡು ಸೇರಬೇಕಾದ ಕುಳಿಯ ವ್ಯಾಸ 108 ಮಿ.ಮೀ. ವೇಗವಾಗಿ ಬೀಸಿದ ಕ್ಲಬ್‌ನ ಮುಖವು ಚೆಂಡಿಗೆ ತಗುಲಿರುವ ಅವಧಿ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗ ಮಾತ್ರ. ಆ ಕ್ಷಣದಲ್ಲಿ ಕ್ಲಬ್‌ನ ಮುಖ ಯಾವ ದಿಕ್ಕಿಗೆ ತಿರುಗಿರುತ್ತದೆಯೋ ಚೆಂಡು ಬಹುಮಟ್ಟಿಗೆ ಆ ದಿಕ್ಕಿನಲ್ಲಿಯೇ ಹೊರಡುತ್ತದೆ.

ಚೆಂಡು ಹೊರಟ ದಿಕ್ಕಿನಲ್ಲಿ ಒಂದು ಡಿಗ್ರಿ ವ್ಯತ್ಯಾಸವಾದರೆ 200 ಗಜ ದೂರದಲ್ಲಿ ಅದು ಗುರಿಯಿಂದ ಸುಮಾರು ಮೂರೂವರೆ ಗಜ ಪಕ್ಕಕ್ಕೆ ಬೀಳುತ್ತದೆ. ನಾಲ್ಕು ಡಿಗ್ರಿಯಾದರೆ ಸುಮಾರು 14 ಗಜ. ಇದರ ಮೇಲೆ ಚೆಂಡಿನ ತಿರುಗುವಿಕೆಯಿಂದ ಗಾಳಿಯಲ್ಲಿ ಉಂಟಾಗುವ ಬಾಗುವಿಕೆ ಬೇರೆ. ಮೊದಲನೆಯ ಚೆಂಡು ಹುಲ್ಲು ಹಾಸಿನ ಮೇಲೆ ನಿಂತರೆ ಎರಡನೆಯದು ಮರಗಳ ನಡುವೆ ಸೇರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಲೆಕ್ಕದ ಚೀಟಿಯಲ್ಲಿ ಎರಡು ಮೂರು ಹೊಡೆತಗಳಾಗಿ ಬೆಳೆಯುತ್ತದೆ. ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಸದಸ್ಯರಿಗೆ ಇದು ಹೊಸ ಸಂಗತಿಯಲ್ಲ. ಒಂದು ಭಾಗ ಅಳತೆಗೆ ಸರಿಯಾಗಿದ್ದು ಮುಂದಿನದು ಮಿತಿ ಮೀರಿದರೆ ಖರೀದಿದಾರರು ಇಡೀ ಲಾಟನ್ನೇ ಹಿಂದಿರುಗಿಸಬಹುದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂತಹ ಉದ್ಯಮಗಳ ಜಗತ್ತಿನಲ್ಲಿ ಒಮ್ಮೆ ಚೆನ್ನಾಗಿ ಮಾಡಿದ್ದೇವೆಂಬುದಕ್ಕೆ ಬೆಲೆಯಿಲ್ಲ. ಪ್ರತಿ ಸಲವೂ ಹಾಗೆಯೇ ಮಾಡಬಲ್ಲೆವೆಂಬುದಕ್ಕೆ ಬೆಲೆ.

ಹ್ಯಾಂಡಿಕ್ಯಾಪ್ ಏನನ್ನು ಅಳೆಯುತ್ತದೆ?

ಹವ್ಯಾಸಿಗಳ ಮತ್ತೊಂದು ದೂರು, ತಮ್ಮ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ತಮಗೆ ಆಡಲಾಗುವುದಿಲ್ಲ ಎಂಬುದು. ಹ್ಯಾಂಡಿಕ್ಯಾಪ್ ಎಂಬ ಪದ ಕುಣಿಗಲ್ಲಿನವರಿಗೆ ಅಪರಿಚಿತವಲ್ಲ. ಅಲ್ಲಿನ ಹೆಸರಾಂತ ಕುದುರೆ ಫಾರಂನಲ್ಲಿ ಬೆಳೆದ ಕುದುರೆಗಳು ಓಡುವ ರೇಸುಗಳಲ್ಲಿಯೂ ಆ ಪದವಿದೆ. ಅಲ್ಲಿ ಉತ್ತಮ ಕುದುರೆಗೆ ಹೆಚ್ಚು ಭಾರ ಹೊರಿಸಿ ಸ್ಪರ್ಧೆಯನ್ನು ಸಮಗೊಳಿಸಲಾಗುತ್ತದೆ. ಗಾಲ್ಫ್‌ನಲ್ಲಿ ಭಾರ ಹೊರಿಸುವುದಿಲ್ಲ. ಬದಲಿಗೆ ದುರ್ಬಲ ಆಟಗಾರರಿಗೆ ಕೆಲವು ಹೊಡೆತಗಳ ವಿನಾಯಿತಿ ನೀಡಲಾಗುತ್ತದೆ.

2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ, ಪ್ರತಿ ಸುತ್ತಿನ ಅಂಕವನ್ನು ಆಯಾ ಮೈದಾನದ ಕಠಿಣತೆಗೆ ಅನುಗುಣವಾಗಿ ಪರಿಷ್ಕರಿಸಿ, ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮವಾದ 8ರ ಸರಾಸರಿಯನ್ನು ಮೂಲವಾಗಿ ತೆಗೆದುಕೊಳ್ಳಲಾಗುತ್ತದೆ. ಗರಿಷ್ಠ ಮಿತಿ 54. ಉಳಿದ 12 ಸುತ್ತುಗಳು ಸರಾಸರಿಗೆ ಸೇರುವುದಿಲ್ಲ. ಆದ್ದರಿಂದ ಹ್ಯಾಂಡಿಕ್ಯಾಪ್ ಎಂಬುದು ಆಟಗಾರರ ಸಾಮರ್ಥ್ಯದ ಸೂಚಕವೇ ಹೊರತು ಅವರ ಸರಾಸರಿ ಆಟದ ಸೂಚಕವಲ್ಲ. ಹೆಚ್ಚಿನ ದಿನಗಳಲ್ಲಿ ಅದಕ್ಕಿಂತ ಕೆಲವು ಹೊಡೆತ ಅಧಿಕವಾಗುವುದು ಲೆಕ್ಕದ ಸಹಜ ಪರಿಣಾಮ.

ಇದರಿಂದ ಹೊರಡುವ ಒಂದು ಮುಖ್ಯ ಅಂಶವನ್ನು ಗಮನಿಸಬೇಕು. ಒಂದೇ ಮೈದಾನದಲ್ಲಿ ಆಡುವ ಇಬ್ಬರ ಸರಾಸರಿ 94 ಎಂದಿಟ್ಟುಕೊಳ್ಳೋಣ. ಮೊದಲನೆಯವರ ಅಂಕಗಳು 91ರಿಂದ 97ರ ಒಳಗಿವೆ. ಎರಡನೆಯವರವು 84ರಿಂದ 104ರವರೆಗೆ ಹರಡಿವೆ. ಅತ್ಯುತ್ತಮ 8 ಸುತ್ತುಗಳನ್ನು ಮಾತ್ರ ಎಣಿಸುವುದರಿಂದ ಎರಡನೆಯವರ ಹ್ಯಾಂಡಿಕ್ಯಾಪ್ ಕಡಿಮೆಯಾಗುತ್ತದೆ, ಅಂದರೆ ಅವರಿಗೆ ದೊರೆಯುವ ವಿನಾಯಿತಿಯೂ ಕಡಿಮೆ. ಇಬ್ಬರೂ ಎದುರುಬದುರಾಗಿ ಆಡಿದಾಗ ಹೆಚ್ಚು ಸಲ ಗೆಲ್ಲುವವರು ಮೊದಲನೆಯವರೇ. ಅಸ್ಥಿರತೆಗೆ ಈ ಪದ್ಧತಿಯಲ್ಲಿ ದಂಡವಿದೆ. ಕಾರ್ಖಾನೆಯ ಅತ್ಯುತ್ತಮ ತಿಂಗಳಿನ ಉತ್ಪಾದನೆಯನ್ನು ಆಧಾರವಾಗಿಟ್ಟು ಸರಬರಾಜಿನ ವಾಯಿದೆ ನೀಡಿದವರು ಎದುರಿಸುವ ತೊಂದರೆಯೂ ಇಂತಹುದೇ.

ರಿಯೋದಿಂದ ಟೋಕಿಯೋವರೆಗೆ

ಅಂತರವನ್ನು ಕುಗ್ಗಿಸುವುದು ಅನುಭವಿ ಆಟಗಾರರಿಗೂ ಕಷ್ಟಸಾಧ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಬೆಂಗಳೂರಿನಲ್ಲಿ 1998ರಲ್ಲಿ ಜನಿಸಿ, ಬಾಲ್ಯದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಆಟ ಕಲಿತ ಅದಿತಿ ಅಶೋಕ್ ಅವರು 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಅವರಿಗೆ 18 ವರ್ಷ. ನಾಲ್ಕು ಸುತ್ತುಗಳಲ್ಲಿ ಅವರ ಅಂಕಗಳು ಕ್ರಮವಾಗಿ 68, 68, 79, 76. ಅರ್ಧದಾರಿಯಲ್ಲಿ ಮೊದಲ ಹತ್ತರೊಳಗಿದ್ದವರು ಕೊನೆಗೆ 41ನೆಯ ಸ್ಥಾನ ಹಂಚಿಕೊಂಡರು.

ಐದು ವರ್ಷಗಳ ನಂತರ, 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರ ಅಂಕಗಳು 67, 66, 68, 68. ವಿಶ್ವ ಶ್ರೇಯಾಂಕದಲ್ಲಿ 200ನೆಯವರಾಗಿದ್ದ ಅವರು ನಾಲ್ಕನೆಯ ಸ್ಥಾನ ಪಡೆದರು. ಕಂಚಿನ ಪದಕ ಒಂದೇ ಹೊಡೆತದಿಂದ ತಪ್ಪಿತು. ಎರಡೂ ಕಡೆ ಅವರ ಅತ್ಯುತ್ತಮ ಸುತ್ತನ್ನು ಹೋಲಿಸಿದರೆ ವ್ಯತ್ಯಾಸ ಎರಡು ಹೊಡೆತ ಮಾತ್ರ, 68 ಮತ್ತು 66. ಅತ್ಯಂತ ದುರ್ಬಲ ಸುತ್ತನ್ನು ಹೋಲಿಸಿದರೆ ವ್ಯತ್ಯಾಸ ಹನ್ನೊಂದು, 79 ಮತ್ತು 68. ಟೋಕಿಯೋದಲ್ಲಿ ಚೆಂಡನ್ನು ದೂರ ಹೊಡೆಯುವುದರಲ್ಲಿ ಅವರು ಹಿಂದಿನ ಸಾಲಿನಲ್ಲಿಯೇ ಇದ್ದರು. ಕುಳಿಯ ಸಮೀಪದ ಪಟ್ ಹೊಡೆತಗಳಲ್ಲಿ ಮುಂಚೂಣಿಯಲ್ಲಿದ್ದರು. ಸ್ಥಾನವನ್ನು ಮೇಲೇರಿಸಿದ್ದು ಬಹುಪಾಲು ಕೆಟ್ಟ ಸುತ್ತುಗಳ ಅಭಾವವೇ.

ಪ್ರತಿ ಹೊಡೆತಕ್ಕೂ ತಿದ್ದುಪಡಿ

ಹಾಗಾದರೆ ಹವ್ಯಾಸಿಗಳ ಕೆಟ್ಟ ಸುತ್ತುಗಳು ಏಕೆ ಕಡಿಮೆಯಾಗುವುದಿಲ್ಲ? ಬಹುಮಟ್ಟಿಗೆ ಅವರು ಮಾಡುವ ಅತಿಯಾದ ತಿದ್ದುಪಡಿಯೇ ಇದಕ್ಕೆ ಕಾರಣ. ಚೆಂಡು ಬಲಕ್ಕೆ ಹೋದರೆ ಮುಂದಿನ ಹೊಡೆತಕ್ಕೆ ಹಿಡಿತ ಬದಲಿಸುತ್ತಾರೆ. ಎಡಕ್ಕೆ ಹೋದರೆ ನಿಲುವು ಬದಲಿಸುತ್ತಾರೆ. ಜೊತೆಗಾರರು ಹೇಳಿದ ಮಾತಿಗೆ ಭುಜ ತಿರುಗಿಸುತ್ತಾರೆ. ಒಂಬತ್ತನೆಯ ಕುಳಿ ತಲುಪುವ ಹೊತ್ತಿಗೆ ತಾವು ಏನು ಮಾಡುತ್ತಿದ್ದೇವೆಂಬುದೇ ಅವರಿಗೆ ತಿಳಿದಿರುವುದಿಲ್ಲ.

ಅಮೆರಿಕದ ಬೆಲ್ ಸಂಸ್ಥೆಯಲ್ಲಿದ್ದ ವಾಲ್ಟರ್ ಶೆವಾರ್ಟ್ ಅವರು 1924ರಲ್ಲಿ ನಿಯಂತ್ರಣ ನಕ್ಷೆಯನ್ನು ರೂಪಿಸಿದ್ದು ಕಾರ್ಖಾನೆಗಳಲ್ಲಿನ ಇದೇ ದೋಷವನ್ನು ತಡೆಯಲು. ಪ್ರತಿಯೊಂದು ಪ್ರಕ್ರಿಯೆಯಲ್ಲಿಯೂ ಸಹಜವಾದ ಏರಿಳಿತವಿರುತ್ತದೆ. ಅದನ್ನು ವಿಶೇಷ ಕಾರಣದಿಂದ ಬಂದ ದೋಷದಿಂದ ಬೇರ್ಪಡಿಸಬೇಕು ಎಂಬುದು ಅವರ ತತ್ತ್ವ. ಅವರ ಮಾರ್ಗದಲ್ಲಿ ಮುಂದುವರಿದ ಎಡ್ವರ್ಡ್ಸ್ ಡೆಮಿಂಗ್ ಅವರು ಇದನ್ನು ಆಲಿಕೆಯ ಪ್ರಯೋಗದಿಂದ ತೋರಿಸುತ್ತಿದ್ದರು. ಮೇಜಿನ ಮೇಲೆ ಗುರುತೊಂದನ್ನು ಮಾಡಿ, ಅದರ ನೇರಕ್ಕೆ ಆಲಿಕೆ ಹಿಡಿದು ಗೋಲಿಗಳನ್ನು ಬಿಡಬೇಕು. ಆಲಿಕೆಯನ್ನು ಕದಲಿಸದಿದ್ದರೆ ಗೋಲಿಗಳು ಗುರುತಿನ ಸುತ್ತ ಒಂದು ಮಿತಿಯೊಳಗೆ ಬೀಳುತ್ತವೆ. ಪ್ರತಿ ಗೋಲಿ ತಪ್ಪಿದಷ್ಟೇ ದೂರ ಆಲಿಕೆಯನ್ನು ಎದುರು ದಿಕ್ಕಿಗೆ ಸರಿಸುತ್ತಾ ಹೋದರೆ ಚೆದುರುವಿಕೆ ಕಡಿಮೆಯಾಗುವ ಬದಲು ಶೇ. 40ರಷ್ಟು ಹೆಚ್ಚುತ್ತದೆ.

ಅಂತರಸನಹಳ್ಳಿಯಲ್ಲಾಗಲಿ ವಸಂತನರಸಾಪುರದಲ್ಲಾಗಲಿ ಲೇತ್ ನಡೆಸುವ ಅನುಭವಿ ಕೆಲಸಗಾರರು ಒಂದು ಜಾಬ್ ಸ್ವಲ್ಪ ದಪ್ಪ ಬಂದ ಮಾತ್ರಕ್ಕೆ ಸೆಟ್ಟಿಂಗ್ ಬದಲಿಸುವುದಿಲ್ಲ. ನಾಲ್ಕೈದು ಜಾಬ್ ಅಳೆದು, ಎಲ್ಲವೂ ಒಂದೇ ಕಡೆಗೆ ವಾಲುತ್ತಿದ್ದರೆ ಮಾತ್ರ ಕೈ ಹಾಕುತ್ತಾರೆ. ಅಂತಹ ಕೆಲಸಗಾರರಿಗೆ ಸಂಬಳ ಕೊಡುವ ಮಾಲೀಕರೇ ಭಾನುವಾರ ಮೈದಾನದಲ್ಲಿ ಪ್ರತಿ ಹೊಡೆತಕ್ಕೂ ತಮ್ಮ ಸೆಟ್ಟಿಂಗ್ ಬದಲಿಸುತ್ತಿರುತ್ತಾರೆ.

ನಷ್ಟ ಎಲ್ಲಿ ಆಗುತ್ತಿದೆ?

ಎರಡನೆಯ ದೋಷವೆಂದರೆ ನಷ್ಟದ ಸ್ಥಾನವನ್ನು ಲೆಕ್ಕವಿಲ್ಲದೆ ಊಹಿಸುವುದು. ಸಾಂಪ್ರದಾಯಿಕ ಸಲಹೆ, ಪಟ್ ಹೊಡೆತಗಳೇ ಎಲ್ಲವೂ ಎಂಬುದು. ಕೊಲಂಬಿಯಾ ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅವರು ಅಸಂಖ್ಯ ಹೊಡೆತಗಳ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೆಯದೇ ಚಿತ್ರವಿದೆ. ಉತ್ತಮ ಮತ್ತು ಸಾಧಾರಣ ಆಟಗಾರರ ಅಂಕಗಳ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಭಾಗ 100 ಗಜಕ್ಕಿಂತ ದೂರದಿಂದ ಹೊಡೆದ ಹೊಡೆತಗಳಿಂದ ಉಂಟಾಗುತ್ತದೆ ಎಂದು ಅವರು ತೋರಿಸಿದರು.

ಇದು ಒಟ್ಟಾರೆ ಸ್ಥಿತಿ. ಅದಿತಿ ಅವರ ಬಲ ಪಟ್ ಹೊಡೆತದಲ್ಲಿದ್ದಂತೆ, ಒಬ್ಬೊಬ್ಬರ ಬಲವೂ ನಷ್ಟವೂ ಬೇರೆ ಬೇರೆ ಕಡೆ ಇರುತ್ತವೆ. ಆದ್ದರಿಂದ ಖಾತೆ ಬರೆಯದೆ ಅಂಗಡಿಯ ನಷ್ಟ ತಿಳಿಯದಂತೆ, ಹೊಡೆತಗಳನ್ನು ಬರೆದಿಡದೆ ಆಟದ ನಷ್ಟ ತಿಳಿಯದು. ಪ್ರತಿ ಕುಳಿಗೂ ನಾಲ್ಕು ಅಂಶಗಳನ್ನು ಗುರುತಿಸಿಕೊಂಡರೆ ಸಾಕು: ಮೊದಲ ಹೊಡೆತ ಆಡಬಹುದಾದ ಜಾಗದಲ್ಲಿ ಬಿದ್ದಿತೇ, ದಂಡದ ಹೊಡೆತ ಎಷ್ಟು, ಗ್ರೀನ್ ತಲುಪಲು ಎಷ್ಟು ಹೊಡೆತ, ಪಟ್ ಎಷ್ಟು. ಹತ್ತು ಸುತ್ತುಗಳ ದಾಖಲೆಯಾದ ಮೇಲೆ ಸೋರಿಕೆಯ ಸ್ಥಳ ತಾನೇ ಕಾಣುತ್ತದೆ. ಮರಗಳ ನಡುವಿನಿಂದ ಸಾಹಸದ ಹೊಡೆತಕ್ಕೆ ಯತ್ನಿಸಿ ಒಂದೇ ಕುಳಿಗೆ ಎಂಟೊಂಬತ್ತು ಹೊಡೆತ ಕಳೆದುಕೊಂಡ ಪ್ರಸಂಗಗಳೇ 101ಕ್ಕೂ 91ಕ್ಕೂ ನಡುವಿನ ಅಂತರವೆಂದು ಹಲವರಿಗೆ ಆಗ ಗೊತ್ತಾಗುತ್ತದೆ. ಅದಕ್ಕೆ ಪರಿಹಾರ ಹೊಸ ಕ್ಲಬ್ ಅಲ್ಲ. ಒಂದು ಹೊಡೆತ ಕಳೆದುಕೊಂಡರೂ ಚೆಂಡನ್ನು ಸುರಕ್ಷಿತವಾಗಿ ಹೊರತರುವ ನಿರ್ಧಾರ.

ಅಭ್ಯಾಸದ ಕ್ರಮ

ಅಭ್ಯಾಸ ಮೈದಾನದಲ್ಲಿ ಒಂದೇ ಕ್ಲಬ್ ಹಿಡಿದು ಒಂದೇ ಗುರಿಗೆ ನೂರು ಚೆಂಡು ಹೊಡೆಯುವುದು ಬಹುಜನರ ಪದ್ಧತಿ. ಐವತ್ತನೆಯ ಚೆಂಡಿನ ಹೊತ್ತಿಗೆ ಹೊಡೆತ ಸೊಗಸಾಗಿರುತ್ತದೆ. ಮರುವಾರ ಮೈದಾನದಲ್ಲಿ ಅದು ಕಾಣಿಸುವುದಿಲ್ಲ. ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಕೈಚಳಕದ ಕೆಲಸಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಒಂದೇ ಕ್ರಿಯೆಯನ್ನು ಸತತವಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ವೇಳೆಯಲ್ಲಿ ಮುಂದಿದ್ದರೂ, ಬೆರೆಸಿ ಅಭ್ಯಾಸ ಮಾಡಿದವರೇ ನಂತರ ಅದನ್ನು ಹೆಚ್ಚು ಉಳಿಸಿಕೊಂಡಿದ್ದರು. ನಂತರದ ಪ್ರಯೋಗಗಳಲ್ಲಿ ಫಲಿತಾಂಶ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಕಂಡುಬಂದಿಲ್ಲವಾದರೂ, ಗಾಲ್ಫ್‌ಗೆ ಇದು ಒಗ್ಗುವ ಮಾತು. ಮೈದಾನದಲ್ಲಿ ಒಂದೇ ಹೊಡೆತವನ್ನು ಎರಡು ಸಲ ಹೊಡೆಯುವ ಅವಕಾಶ ಯಾರಿಗೂ ಇಲ್ಲ. ಆದುದರಿಂದ ಪ್ರತಿ ಚೆಂಡಿಗೂ ಕ್ಲಬ್ ಮತ್ತು ಗುರಿಯನ್ನು ಬದಲಿಸಿ, ಆದರೆ ನಿಲ್ಲುವ ಮತ್ತು ಗುರಿ ಹಿಡಿಯುವ ಕ್ರಮವನ್ನು ಬದಲಿಸದೆ ಅಭ್ಯಾಸ ಮಾಡುವುದು ಲೇಸು.

ಈ ಆಟಕ್ಕೆ ಹಣವೊಂದೇ ಬಂಡವಾಳವೆಂಬ ಅಭಿಪ್ರಾಯವೂ ಸರಿಯಲ್ಲ. ಕುಣಿಗಲ್ಲಿನಿಂದ ಮಾಗಡಿ ದಾಟಿ ಹೋದರೆ ಸಿಗುವ ಬಿಡದಿಯ ಈಗಲ್‌ಟನ್ ಮೈದಾನದ ಅಂಚಿನ ಹಳ್ಳಿಯಲ್ಲಿ ಬೆಳೆದ ಚಿಕ್ಕರಂಗಪ್ಪ ಅವರು ಅದೇ ಮೈದಾನದಲ್ಲಿ ಆಟ ಕಲಿತು ವೃತ್ತಿಪರ ಆಟಗಾರರಾದರು.

ಮುಂದಿನ ಸುತ್ತಿಗೆ ಮುನ್ನ

ಮೇಲಿನ ವಿವೇಚನೆಯನ್ನು ಆಚರಣೆಗೆ ತರಬಯಸುವ ಸದಸ್ಯರು ಕಿಸೆಯಲ್ಲೊಂದು ಸಣ್ಣ ಪುಸ್ತಕ ಇಟ್ಟುಕೊಂಡು ಹತ್ತು ಸುತ್ತುಗಳ ಲೆಕ್ಕ ಬರೆಯಲಿ. ಅಲ್ಲಿಯವರೆಗೆ ಹೊಸ ಕ್ಲಬ್ ಖರೀದಿಯನ್ನು ಮುಂದೂಡಲಿ. ಸುತ್ತಿನ ನಡುವೆ ಹಿಡಿತವನ್ನಾಗಲಿ ನಿಲುವನ್ನಾಗಲಿ ಬದಲಿಸದಿರಲಿ. ಲೆಕ್ಕದಲ್ಲಿ ಎದ್ದು ಕಾಣುವ ಒಂದೇ ಒಂದು ದೋಷವನ್ನು ಆರಿಸಿಕೊಂಡು, ಶಿಕ್ಷಕರ ಸಲಹೆ ಪಡೆದು, ಮುಂದಿನ ಹತ್ತು ಸುತ್ತುಗಳ ಕಾಲ ಅದನ್ನಷ್ಟೇ ತಿದ್ದಿಕೊಳ್ಳಲಿ. ಇಪ್ಪತ್ತು ಸುತ್ತುಗಳ ಕೊನೆಯಲ್ಲಿ ತಮ್ಮ ಅತ್ಯುತ್ತಮ ಅಂಕ 88ರಲ್ಲಿಯೇ ಉಳಿದು ಅತಿ ಹೆಚ್ಚಿನ ಅಂಕ 101ರಿಂದ 95ಕ್ಕೆ ಇಳಿದಿದ್ದರೆ, ಆಟ ಸುಧಾರಿಸಲಿಲ್ಲವೆಂದು ನಿರಾಶರಾಗಬೇಕಾದ ಕಾರಣವಿಲ್ಲ. ಸುಧಾರಣೆ ಆಗಿರುವುದು ಅಲ್ಲಿಯೇ.